ಶೂನ್ಯ ದರದ ಟಿಕೆಟ್

ಬೆಳಗಾದರೆ ಸಾಕು, ಮಾನ್ವಿ, ದೇವದುರ್ಗದ ಬಸ್ ನಿಲ್ದಾಣಗಳಲ್ಲಿ ಪುಸ್ತಕದ ಚೀಲ ಹೊತ್ತ ಮಕ್ಕಳ ಗುಂಪು. ಹೊರಟಿದ್ದು ರಾಯಚೂರಿನ ಕಾಲೇಜುಗಳಿಗೆ. ಒಂದೇ ಮನೆಯ ಅಣ್ಣ ತಂಗಿ ಒಂದೇ ಬಸ್ ಹತ್ತಿದರೂ ಖರ್ಚಿನ ಲೆಕ್ಕ ಬೇರೆ. ಅಣ್ಣ ಹಣ ಕಟ್ಟಿ ವಿದ್ಯಾರ್ಥಿ ಪಾಸ್ ಮಾಡಿಸಬೇಕು. ತಂಗಿ ಆಧಾರ್ ತೋರಿಸಿದರೆ ಶೂನ್ಯ ದರದ ಟಿಕೆಟ್. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಫಲವಿದು.

ಈ ಟಿಕೆಟ್ಟಿಗೂ ಗಡಿಯುಂಟು. ಅದೇ ಹುಡುಗಿ ದೂರದ ಬೆಂಗಳೂರಿಗೆ ಕೆಂಪು ಬಸ್ಸಿನಲ್ಲಿ ಕಾಸಿಲ್ಲದೆ ಹೋಗಿಬರಬಹುದು. ಹತ್ತಿರದ ಮಂತ್ರಾಲಯಕ್ಕೆ ಹೊರಟರೆ ಮಾತ್ರ ಹಣ ಕೊಡಬೇಕು. ಅದು ಆಂಧ್ರದ ಊರು. ಅಂತರರಾಜ್ಯ ಬಸ್ಸುಗಳಿಗೆ ಶಕ್ತಿ ಅನ್ವಯಿಸದು.

ಯುರೋಪಿನಲ್ಲಿ ರಾಯಚೂರು ಜಿಲ್ಲೆಗಿಂತಲೂ ಚಿಕ್ಕದಾದ ದೇಶವೊಂದಿದೆ, ಲಕ್ಸೆಂಬರ್ಗ್. 2020ರಿಂದ ಅಲ್ಲಿ ಬಸ್, ಟ್ರಾಮ್ ಮತ್ತು ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ. ಗಂಡು ಹೆಣ್ಣೆಂಬ ಭೇದವಿಲ್ಲ, ಪರದೇಶಿಯರಿಗೂ ಟಿಕೆಟ್ ಬೇಡ. ಆದರೆ ಗಡಿ ದಾಟಿದರೆ ಅಲ್ಲಿಯೂ ದುಡ್ಡು ತೆರಲೇಬೇಕು.

ಹೆತ್ತವರ ಚಿಂತೆ ಟಿಕೆಟ್ಟಿನೊಂದಿಗೆ ಮುಗಿಯುವುದಿಲ್ಲ. ರೈಲಿಲ್ಲದ ದೇವದುರ್ಗಕ್ಕೆ ಬಸ್ಸೇ ಗತಿ. ಸಂಜೆ ಬಸ್ ತಪ್ಪಿದರೆ ಮಗಳು ಎಲ್ಲಿ ಕಾಯಬೇಕು? ನಿಲ್ದಾಣದಲ್ಲಿ ದೀಪ, ಕುಡಿಯುವ ನೀರು, ಶುಚಿಯಾದ ಶೌಚಾಲಯ ಇರಬೇಕಲ್ಲವೇ? ಹೊತ್ತಿಗೆ ಸರಿಯಾಗಿ ಬಸ್ ಬಂದು ಮಗಳು ಕತ್ತಲಾಗುವ ಮುಂಚೆ ಮನೆ ಸೇರಿದರೆ ಮಾತ್ರ ಆಕೆಯ ಓದು ಮುಂದುವರಿದೀತು.