ಹಾಡಿನ ಹೊಸ್ತಿಲು

‘ಎಲ್ಲಾ ಫಿಟ್ಜೆರಾಲ್ಡ್ ಸಿಂಗ್ಸ್ ದ ಕೋಲ್ ಪೋರ್ಟರ್ ಸಾಂಗ್ ಬುಕ್’ 1956ರಲ್ಲಿ ಅಮೆರಿಕದಲ್ಲಿ ಹೊರಬಂದ, ಎರಡು ಗ್ರಾಮಫೋನ್ ತಟ್ಟೆಗಳಲ್ಲಿ ರಚನೆಕಾರ ಕೋಲ್ ಪೋರ್ಟರ್ ಅವರ 32 ಹಾಡುಗಳಿರುವ ಆಲ್ಬಂ. ನಾರ್ಮನ್ ಗ್ರ್ಯಾಂಜ್ ಆಗಷ್ಟೇ ಹುಟ್ಟುಹಾಕಿದ್ದ ವರ್ವ್ ಕಂಪನಿ ಅದನ್ನು ತಂದಿತು. ವಾದ್ಯವೃಂದದ ಹೊಣೆ ಬಡ್ಡಿ ಬ್ರೆಗ್‌ಮನ್ ಅವರದು. 1964ರ ಹೊತ್ತಿಗೆ ಇಂಥ ಸಾಂಗ್ ಬುಕ್ ಆಲ್ಬಂಗಳು ಎಂಟಾದವು. ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ಅವರ ಕಂಠ ಇಂಪು, ಶ್ರುತಿ ಶುದ್ಧ ಎಂದು ಬರೆಯುವವರು ಬೇಕಾದಷ್ಟಿದ್ದಾರೆ. ಮುಖ್ಯ ಹಾಡಿಗೆ ಮುಂಚೆ ಆಕೆ ಹಾಡುವ ಪೀಠಿಕೆಯ ಮಾತೆತ್ತುವವರು ಕಡಿಮೆ.

ಇಂಥ ಹಾಡುಗಳ ತವರಾದ ಬ್ರಾಡ್‌ವೇ ಸಂಗೀತ ನಾಟಕದಲ್ಲಿ ಪಾತ್ರಧಾರಿ ಮಾತಾಡುತ್ತಿದ್ದವನು ದಿಢೀರನೆ ಹಾಡತೊಡಗಿದರೆ ಪ್ರೇಕ್ಷಕ ಬೆಚ್ಚುತ್ತಾನೆ. ಅದಕ್ಕೇ ನಡುವೆ ‘ವರ್ಸ್’ ಎಂಬ ಹೊಸ್ತಿಲು; ತಾಳದ ಬಿಗಿಯಿಲ್ಲದೆ, ಅರ್ಧ ಮಾತು ಅರ್ಧ ಹಾಡು. ಅದನ್ನು ದಾಟಿದ ಮೇಲೆ ಸಾಮಾನ್ಯವಾಗಿ 32 ಬಾರ್‌ಗಳ (ತಾಳದ ಆವರ್ತಗಳ) ಮುಖ್ಯ ಹಾಡು. ಸುಮಾರು ಮೂರು ನಿಮಿಷಕ್ಕೆ ಮುಗಿಯುವ 78 ಆರ್‌ಪಿಎಂ ವೇಗದ ತಟ್ಟೆಯಲ್ಲಿ ಜಾಗ ಸಾಲದೆ, ಕುಣಿಯುವವರಿಗೂ ಬೇಡವಾಗಿ, ಹೊಸ್ತಿಲನ್ನೇ ಕಿತ್ತು ಹಾಕಲಾಯಿತು. 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ಬಂದು ಜಾಗವೇನೋ ಆಯಿತು, ಚಟ ಹೋಗಲಿಲ್ಲ. ಈಗ ಬೆಳಗಿನ ಕಾಫಿಯ ಜೊತೆ ಮೊಬೈಲಿನಲ್ಲಿ ಕೇಳುವವರ ಹೆಬ್ಬೆರಳು ವರ್ಸ್ ಬಂದೊಡನೆ ತಾನಾಗಿ ಮುಂದಕ್ಕೊತ್ತುತ್ತದೆ. ತಾಳವಿಲ್ಲದ ಉಗಾಭೋಗ ಯಾವಾಗ ಮುಗಿದೀತೆಂದು ಗಡಿಯಾರ ನೋಡಿ, ದೇವರನಾಮದ ಪಲ್ಲವಿಗೆ ಮಾತ್ರ ತೊಡೆ ತಟ್ಟುವವರೂ ಇದೇ ಪಂಗಡ. ಕದ ತಟ್ಟದೆ ಅಡುಗೆಮನೆಗೇ ನುಗ್ಗುವ ನೆಂಟರಿಗೂ ಇವರಿಗೂ ಏನು ವ್ಯತ್ಯಾಸ?

1932ರ ‘ನೈಟ್ ಅಂಡ್ ಡೇ’ ಹಾಡಿನಲ್ಲಿ ಪೋರ್ಟರ್ ವರ್ಸನ್ನು ಬಹುಪಾಲು ಒಂದೇ ಸ್ವರದ ಮೇಲೆ ಕುಟ್ಟಿಸುತ್ತಾರೆ: ತಮಟೆಯ ಬಡಿತ, ಗಡಿಯಾರದ ಟಿಕ್‌ಟಿಕ್, ಮಳೆಯ ತೊಟ್ಟು. ಆ ಕಾಟ ಅನುಭವಿಸಿದ ಕಿವಿಗೇ ಮುಂದಿನ ರಾಗ ಬಿಚ್ಚಿಕೊಳ್ಳುವ ಸುಖ. ಅರ್ಥವಿಲ್ಲದ ಅಕ್ಷರಗಳಲ್ಲಿ ಸ್ವರ ಹಾರಿಸುವ ‘ಸ್ಕ್ಯಾಟ್’ಗೆ ಹೆಸರಾದ ಎಲ್ಲಾ ಫಿಟ್ಜೆರಾಲ್ಡ್ ಇಲ್ಲಿ ಆ ಚಮತ್ಕಾರವನ್ನು ಬದಿಗಿಟ್ಟು ಪದಗಳನ್ನು ನೆಟ್ಟಗೆ ಹಾಡುತ್ತಾರೆ.

ನೆಟ್ಟಗೆ ಹಾಡಿದರೇ ಸಾಕು, ಏಕೆಂದರೆ ಸಾಹಿತ್ಯ, ಸಂಗೀತ ಎರಡೂ ಪೋರ್ಟರ್ ಅವರವೇ. ‘ಎವ್ರಿ ಟೈಮ್ ವಿ ಸೇ ಗುಡ್‌ಬೈ’ಯಲ್ಲಿ ಮೇಜರ್ ಮೈನರ್ ಆಗುವ ಮಾತು ಬಂದಾಗ ಸ್ವರಮೇಳವೂ ಅಲ್ಲೇ ಮೈನರ್‌ಗೆ ಹೊರಳುತ್ತದೆ. ಗಾಯಕಿ ಅದನ್ನು ಬೆರಳು ಮಾಡಿ ತೋರಿಸುವುದಿಲ್ಲ.

‘ಮಿಸ್ ಓಟಿಸ್ ರಿಗ್ರೆಟ್ಸ್’ಗೆ ಪಿಯಾನೊ ಒಂದೇ ಜೊತೆ. ಮೋಸ ಮಾಡಿದ ಪ್ರಿಯಕರನನ್ನು ಗುಂಡಿಕ್ಕಿ ಕೊಂದು, ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕ ಒಡತಿ ಇಂದು ಊಟಕ್ಕೆ ಬರಲಾರಳು ಎಂದು ಆಳು ವಿನಯದಿಂದ ತಿಳಿಸುವ ಹಾಡು. ಫಿಟ್ಜೆರಾಲ್ಡ್ ಕೊನೆಯವರೆಗೂ ಆ ಆಳಿನ ದನಿಯನ್ನೇ ಹಿಡಿದಿರುತ್ತಾರೆ. ಊಟಕ್ಕೆ ಕರೆದವರ ಮುಂದೆ ಅವನು ಅಳುವಂತಿಲ್ಲ.