ಬಯಲಿನ ಪ್ರಯೋಗ

ವೈಶಾಖವು ಬಂದಿತೆಂದರೆ ನಮ್ಮ ಕಾರಟಗಿಯ ಸೀಮೆಯು ಬಯಲಾಗುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ನಿಂತು, ಭತ್ತದ ಕಟಾವು ಮುಗಿದು, ಗದ್ದೆಗಳು ಬರಿದಾಗಿರುತ್ತವೆ. ರೈತನಿಗೆ ತುಸು ಬಿಡುವು, ಮಕ್ಕಳ ಶಾಲೆಗೆ ರಜೆ. ಆಟಪಾಟಗಳಿಗೆ ಇದು ಹೇಳಿ ಮಾಡಿಸಿದ ಕಾಲ.

ಇಂತಹ ಒಂದು ಬೇಸಿಗೆಗೆ ಮುಂಚೆ ಕಾಲೇಜಿನ ಕೆಲವು ತರುಣ ತರುಣಿಯರು ಮಠಕ್ಕೆ ಬಂದು ಬಿನ್ನಹವೊಂದನ್ನು ಮುಂದಿಟ್ಟರು. ಮೂರು ಸಂಜೆ ಮಠದ ಅಂಗಳದಲ್ಲಿ ಪ್ರಾಯೋಗಿಕ ಪ್ರದರ್ಶನ ಕಲೆಯ ಉತ್ಸವವನ್ನು ನಡೆಸಬೇಕೆಂಬುದು ಅವರ ಬಯಕೆ. ಅದರಲ್ಲಿ ಪರದೆಯಿಲ್ಲ, ಕಥೆಯಿಲ್ಲ. ಒಬ್ಬನು ಗದ್ದೆಯ ಮಣ್ಣಿನ ಹೆಂಟೆಗಳನ್ನು ತಲೆಯ ಮೇಲೆ ಹೊತ್ತು ಮೌನವಾಗಿ ನಡೆಯುವನಂತೆ. ಒಬ್ಬಳು ಖಾಲಿ ಕೊಡವನ್ನು ಮುಂದಿಟ್ಟುಕೊಂಡು, ಅದನ್ನು ಯಾರಾದರೂ ತುಂಬುವವರೆಗೆ ಸುಮ್ಮನೆ ಕುಳಿತಿರುವಳಂತೆ. ಅಲ್ಲಿಯೇ ಇದ್ದ ಹಿರಿಯ ಭಕ್ತರೊಬ್ಬರು, "ಅಜ್ಜಾರ, ಪರದೆ ಇಲ್ಲ, ಪದಾ ಇಲ್ಲ, ಇದೆಂಥಾ ಆಟಾರೀ? ಮಠದ ಅಂಗಳದಾಗ ಇದು ಬೇಕೇನ್ರಿ?" ಎಂದರು.

ಅವರ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಇದು ಕಲೆಯೇ ಎಂಬುದು ಒಂದು. ಇದು ಮಠಕ್ಕೆ ತಕ್ಕುದೇ ಎಂಬುದು ಇನ್ನೊಂದು.

ಎರಡನೆಯದಕ್ಕೆ ಉತ್ತರವು ಸುಲಭ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುರೂಪಿ ಚೌಡಯ್ಯನ ಕಾಯಕವೇ ವೇಷ ಧರಿಸಿ ಆಡುವುದು. ರೇಕಣ್ಣಪ್ರಿಯ ನಾಗಿನಾಥನೆಂಬ ಅಂಕಿತದಲ್ಲಿ ಅವನ ವಚನಗಳು ಇಂದಿಗೂ ಉಳಿದಿವೆ. ನಗೆಯ ಮಾರಿತಂದೆ ಜನರನ್ನು ನಗಿಸುತ್ತ ಬಾಳಿದನು. ಅಲ್ಲಮಪ್ರಭುವನ್ನು ಹರಿಹರ ಕವಿಯು ಮದ್ದಳೆಯ ವಾದಕನನ್ನಾಗಿ ಕಂಡನು. ಆಡುವವನಿಗೂ ಹಾಡುವವನಿಗೂ ಶರಣರ ಸಾಲಿನಲ್ಲಿ ಸ್ಥಾನವಿದ್ದಿತು. ನಮ್ಮ ಕಾಲದಲ್ಲಿ ಸಾಣೇಹಳ್ಳಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಶಿವಸಂಚಾರವೆಂಬ ತಿರುಗಾಟದ ನಾಟಕ ತಂಡವನ್ನೇ ಕಟ್ಟಿದರು. ಆದುದರಿಂದ ಮಠಕ್ಕೂ ರಂಗಕ್ಕೂ ವಿರೋಧವಿಲ್ಲ.

ಮೊದಲನೆಯ ಪ್ರಶ್ನೆಯು ಗಹನವಾದುದು. ಹೊಸತೆಲ್ಲವೂ ಮೊದಲಿಗೆ ಹುಚ್ಚಾಟದಂತೆ ತೋರುವುದು ಲೋಕದ ರೂಢಿ. 1972ರಲ್ಲಿ ಬಿ. ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಆವರಣದಲ್ಲಿ, ಕಟ್ಟಡದ ಒಳಗಿನ ರಂಗವನ್ನು ಬಿಟ್ಟು ಬಯಲಿನಲ್ಲಿ ಮೂರು ನಾಟಕಗಳನ್ನು ಆಡಿಸಿದರು: ಲಂಕೇಶರು ಕನ್ನಡಕ್ಕೆ ತಂದ ಈಡಿಪಸ್, ಅವರದೇ ಆದ ಸಂಕ್ರಾಂತಿ, ಚಂದ್ರಶೇಖರ ಕಂಬಾರರ ಜೋಕುಮಾರಸ್ವಾಮಿ. ಒಂದು ಗ್ರೀಕರ ದುರಂತ, ಒಂದು ಕಲ್ಯಾಣದ ಕ್ರಾಂತಿಯ ಕಥೆ, ಒಂದು ನಮ್ಮ ಉತ್ತರ ಸೀಮೆಯ ಬಯಲಾಟದ ಮಟ್ಟು. ಕನ್ನಡ ರಂಗಭೂಮಿಯು ಹೊಸ ಹಾದಿ ಹಿಡಿದುದಕ್ಕೆ ಆ ಬಯಲನ್ನು ಇಂದು ಎಲ್ಲರೂ ಸಾಕ್ಷಿಯಾಗಿ ಹೇಳುತ್ತಾರೆ.

ತೀರ ಈಚಿನ ನಿದರ್ಶನವೂ ಉಂಟು. 2015ರಲ್ಲಿ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ರಸ್ತೆಯೊಂದರ ನೀರು ತುಂಬಿದ ಗುಂಡಿಯಲ್ಲಿ ಕೃತಕ ಮೊಸಳೆಯೊಂದನ್ನು ತೇಲಿಬಿಟ್ಟರು. 2019ರಲ್ಲಿ, ಚಂದ್ರಯಾನ-2ರ ಸುದ್ದಿಯು ಮನೆಮಾತಾಗಿದ್ದಾಗ, ನಟರೊಬ್ಬರಿಗೆ ಗಗನಯಾತ್ರಿಯ ಉಡುಪನ್ನು ತೊಡಿಸಿ ಹಾಳಾದ ರಸ್ತೆಯ ಮೇಲೆ ನಡೆಸಿದರು. ನೋಡಿದವರಿಗೆ ಅದು ಚಂದ್ರನ ನೆಲವೆಂದೇ ತೋರಿತು. ಒಂದು ಮಾತನ್ನೂ ಆಡದೆ, ನೂರು ಅರ್ಜಿಗಳು ಹೇಳಲಾರದುದನ್ನು ಆ ನಡಿಗೆಯು ಹೇಳಿತು.

ಹಾಗೆಂದು ಹೊಸತೆಲ್ಲವೂ ಕಲೆಯಲ್ಲ. ವಿಶ್ವವಿದ್ಯಾಲಯದಲ್ಲಿ ನಾವು ಓದಿದ ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಭಾಗಿಸುತ್ತದೆ. ಪ್ರಯೋಗಶೀಲನು ಮಾತನ್ನು ಬಿಡಬಹುದು, ವೇಷಭೂಷಣವನ್ನೂ ಬಿಡಬಹುದು. ಆದರೆ ಸಾತ್ತ್ವಿಕವನ್ನು, ಎಂದರೆ ಒಳಗಿನಿಂದ ಹೊರಹೊಮ್ಮುವ ಭಾವದ ಸತ್ಯವನ್ನು, ಬಿಟ್ಟರೆ ಉಳಿಯುವುದೇನು? ಬರಿಯ ವಿಚಿತ್ರ. ಬಿಡುವುದು ಕಡಿಮೆ ಸಾಧನೆಯಿಂದ ಆಗುವ ಕೆಲಸವಲ್ಲ. ಹೆಚ್ಚು ಸಾಧನೆಯಿಂದ ಆಗುವ ಕೆಲಸ.

ಈ ಮಾತನ್ನು ತರುಣರಿಗೆ ತಿಳಿಯಹೇಳುವಾಗ ನಮ್ಮ ಕಣ್ಣ ಮುಂದೆ ಬಂದವರು ಹಗಲುವೇಷದವರು. ಬುಡ್ಗ ಜಂಗಮರು ತಲೆಮಾರುಗಳಿಂದ ಆಡಿಕೊಂಡು ಬಂದ ಕಲೆಯದು. ಅವರಿಗೆ ರಂಗಮಂಟಪವಿಲ್ಲ, ಟಿಕೇಟಿಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡು, ಹಾರ್ಮೋನಿಯಂ ತಬಲಗಳೊಡನೆ ಹಾಡಹಗಲೇ ಬೀದಿಗಿಳಿಯುತ್ತಾರೆ. ಒಂದು ದಿನ ರಾಮಲಕ್ಷ್ಮಣರು, ಇನ್ನೊಂದು ದಿನ ರಾಕ್ಷಸ, ಮತ್ತೊಂದು ದಿನ ಭೀಮ. ದೀಪದ ಬೆಳಕಿನ ಮರೆ ಅವರಿಗಿಲ್ಲ. ಬಿಸಿಲಿನಲ್ಲಿ, ಎರಡು ಮಾರು ದೂರದಲ್ಲಿ ನಿಂತವರನ್ನು ನಂಬಿಸಬೇಕು. ಕೊನೆಯ ದಿನ ಮನೆಮನೆಗೆ ಬಂದು ಕೊಟ್ಟಷ್ಟು ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಆಡುವವನಿಗೂ ನೋಡುವವನಿಗೂ ನಡುವಿನ ಗೋಡೆಯನ್ನು ಕೆಡಹಬೇಕೆಂದು ನಗರದ ಪ್ರಯೋಗಕಾರರು ಶ್ರಮಿಸುತ್ತಿದ್ದಾರೆ. ಇವರು ಆ ಗೋಡೆಯನ್ನು ಕಟ್ಟಿಯೇ ಇರಲಿಲ್ಲ.

ಆದರೆ ಲೋಕದ ನ್ಯಾಯವನ್ನು ನೋಡಿರಿ. ನಗರದವನು ಬೀದಿಯಲ್ಲಿ ಆಡಿದರೆ ಪ್ರಯೋಗ. ಬುಡ್ಗ ಜಂಗಮನು ಆಡಿದರೆ ಭಿಕ್ಷೆ. ಮಠಕ್ಕೆ ಬಂದಿದ್ದ ತಂಡದ ಹಿರಿಯನೊಬ್ಬನು, "ಯಪ್ಪಾ, ಮೊಮ್ಮಗ ಬಣ್ಣಾ ಹಚ್ಚಾಕ ಒಲ್ಲೆ ಅಂತಾನ. ಮಂದಿ ಬೇಡಾಕ ಬಂದ್ರು ಅಂತಾರಂತ, ಅವಗ ನಾಚಿಕಿ" ಎಂದು ನೊಂದು ನುಡಿದನು. ಆ ಹುಡುಗನು ಗಾರೆಕೆಲಸಕ್ಕೆ ಬೆಂಗಳೂರು ಸೇರಿದ್ದಾನೆ. ದುಡಿಮೆಯು ಯಾವುದಾದರೂ ಕಾಯಕವೇ. ಆದರೆ ಆ ಬಾಲಕನ ಕೈಯಿಂದ ಬಣ್ಣವನ್ನು ಕಸಿದದ್ದು ಬಡತನವೊಂದೇ ಅಲ್ಲ. ನಮ್ಮ ನಾಲಗೆಯೂ ಹೌದು.

ಆದಕಾರಣ ತರುಣರಿಗೆ ಅಂಗಳವನ್ನು ಕೊಡುವಾಗ ನಾವು ಎರಡು ಮಾತುಗಳನ್ನು ಹೇಳಿದೆವು. ಪ್ರತಿ ಸಂಜೆಯೂ ಹಗಲುವೇಷದವರು ಅದೇ ನೆಲದ ಮೇಲೆ, ಅದೇ ಗೌರವಧನದೊಡನೆ ಆಡಬೇಕು. ಆಟ ಮುಗಿದ ಮೇಲೆ ಎರಡೂ ಕಡೆಯವರು ನೋಡಿದವರೊಡನೆ ಕುಳಿತು ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಹೊಸಬರು ಹಳಬರಿಂದ ಸಾಧನೆಯನ್ನು ಕಲಿಯಲಿ. ತಮ್ಮ ಬದುಕು ಕಲೆಯೆಂಬುದನ್ನು ಹಳಬರು ಹೊಸಬರ ಕಣ್ಣಿನಲ್ಲಿ ಕಾಣಲಿ.

ಸದ್ಭಕ್ತರಲ್ಲಿ ನಮ್ಮ ವಿನಂತಿಯು ಇಷ್ಟೆ. ಮುಂದಿನ ಬೇಸಿಗೆಯಲ್ಲಿ ನಿಮ್ಮ ಮನೆಯ ಮುಂದೆ ಹಗಲುವೇಷದವನು ಬಂದು ನಿಂತರೆ, ಬೇಗನೆ ಸಾಗಹಾಕಲೆಂದು ಜೋಳವನ್ನು ಸುರಿಯದಿರಿ. ಮಕ್ಕಳನ್ನು ಹೊರಗೆ ಕರೆಯಿರಿ, ಆಟವನ್ನು ಪೂರ್ತಿ ನೋಡಿರಿ, ಆಮೇಲೆ ಕೊಡಿರಿ. ಮೊದಲೇ ಕೊಟ್ಟುದು ಭಿಕ್ಷೆಯಾಗುತ್ತದೆ. ನೋಡಿ ಕೊಟ್ಟುದು ಕಾಯಕದ ಪ್ರತಿಫಲವಾಗುತ್ತದೆ.