ಮಟ್ಟು ಯಾರದು?

ಬೆಂಗಳೂರಿನ ಬಸ್ಸು ಕ್ಯಾತ್ಸಂದ್ರ ದಾಟಿತೆಂದರೆ ತಟ್ಟೆ ಇಡ್ಲಿಯ ಆಸೆ ಹಿಂದೆ ಬಿದ್ದು, ತುಮಕೂರಿನ ಬಟವಾಡಿಯಲ್ಲಿ ಇಳಿಯುವವರ ಗಡಿಬಿಡಿ ಶುರುವಾಗುತ್ತದೆ. ಬ್ಯಾಗು ಹೆಗಲೇರುತ್ತದೆ, ಇಯರ್‌ಫೋನು ಜೇಬು ಸೇರುತ್ತದೆ. ಇಯರ್‌ಫೋನಿನ ಹಂಗಿಲ್ಲದವರ ಮೊಬೈಲು ಮಾತ್ರ ರಸ್ತೆಗಿಳಿದ ಮೇಲೂ ಹಾಡುತ್ತಲೇ ಇರುತ್ತದೆ. ಈ ಜಾಗದ ಹೆಸರು ಕೇಳಿದರೆ ಅಂಚೆಯ ಬಟವಾಡೆ ನೆನಪಾಗುವುದು ಸಹಜ. ಕಾಗದಪತ್ರಗಳ ಬಟವಾಡೆ ಕಮ್ಮಿಯಾಯಿತು. ಹಾಡುಗಳ ಬಟವಾಡೆಗೆ ಇಲ್ಲಿ ಭಾನುವಾರದ ರಜೆಯೂ ಇಲ್ಲ. ಬೈಟು ಟೀ ಮುಗಿಯುವುದರೊಳಗೆ ಒಂದೇ ಹಾಡಿನ ಒಂದೇ ತುಂಡು ಮೂರು ಮೊಬೈಲಿನಿಂದ ಮೂರು ಸಲ ಕಿವಿಗೆ ಬಿದ್ದಿರುತ್ತದೆ.

2024ರ ಫೆಬ್ರುವರಿಯಲ್ಲಿ ಹೀಗೆ ಬಿದ್ದದ್ದು ‘ಕರಿಮಣಿ ಮಾಲೀಕ’. ಹಾಡು ಹೊಸದಲ್ಲ. 1999ರ ‘ಉಪೇಂದ್ರ’ ಚಿತ್ರದ್ದು. ಸಾಹಿತ್ಯ ಉಪೇಂದ್ರ ಅವರದು, ಸಂಗೀತ ಗುರುಕಿರಣ್ ಅವರದು. ಚಿತ್ರ ತೆರೆಕಂಡಾಗ ಇನ್ನೂ ಹುಟ್ಟದೇ ಇದ್ದವರೇ ಈ ಸಲ ಅದನ್ನು ಹೆಚ್ಚು ಹಾಡಿದ್ದು, ಕುಣಿದದ್ದು, ಲೇವಡಿ ಮಾಡಿದ್ದು. ಕಾಲು ಶತಮಾನ ಪೆಟ್ಟಿಗೆಯ ತಳದಲ್ಲಿದ್ದ ಸೀರೆಯನ್ನು ಮೊಮ್ಮಗಳು ತೆಗೆದು ಉಟ್ಟ ಹಾಗೆ. ಮಡಿಕೆಯ ಗೆರೆ ಹಾಗೇ ಇತ್ತು, ಅದೇ ಫ್ಯಾಷನ್ ಆಯಿತು.

ಅದಕ್ಕೂ ಕೆಲವೇ ತಿಂಗಳ ಹಿಂದೆ, 2023ರ ಕೊನೆಯಲ್ಲಿ, ‘ನಾನು ನಂದಿನಿ’ ಬಂದು ಹೋಗಿತ್ತು. ವಿಕ್ಕಿಪೀಡಿಯ ಎಂಬ ಹೆಸರಿನಲ್ಲಿ ನಗಿಸುವ ಹುಡುಗ ತಾನೇ ನಂದಿನಿಯಾಗಿ, ಊರು ಬಿಟ್ಟು ಬೆಂಗಳೂರಿನ ಪಿಜಿ ಸೇರಿದ ಹುಡುಗಿಯ ಪಾಡನ್ನು ಹಾಡಿದ್ದ. ತುಮಕೂರಿನಲ್ಲಿ ಇಂಥ ನಂದಿನಿಯರಿಗೆ ಬರವಿಲ್ಲ. ಬೆಳಗಿನ ರೈಲಿಗೆ ಹೋಗಿ ರಾತ್ರಿ ಮರಳುವವರು, ಹಾಗೆ ಓಡಾಡಿ ಸಾಕಾಗಿ ಅಲ್ಲೇ ಪಿಜಿ ಹಿಡಿದವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಹಾಡಿನ ಪದಗಳು ಅಚ್ಚಕನ್ನಡದ ಪಾಡು. ಧಾಟಿ ಮಾತ್ರ ಡೆನ್ಮಾರ್ಕ್-ನಾರ್ವೆಯವರ ‘ಆಕ್ವಾ’ ತಂಡ 1997ರಲ್ಲಿ ಹೊರತಂದ ‘ಬಾರ್ಬಿ ಗರ್ಲ್’ನದು. ಆ ಮೂಲ ಹಾಡಿನ ಕಥೆಯೂ ಸ್ವಾರಸ್ಯದ್ದೇ. ತನ್ನ ಗೊಂಬೆಯ ಮಾನ ಹೋಯಿತೆಂದು ಬಾರ್ಬಿ ತಯಾರಕರಾದ ಮ್ಯಾಟೆಲ್ ಕಂಪನಿ ಅಮೆರಿಕದಲ್ಲಿ ದಾವೆ ಹೂಡಿತು. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಹಾಡಿನ ಪರವಾಗಿ ನಿಂತಿತು. ತೀರ್ಪು ಬರೆದ ನ್ಯಾಯಮೂರ್ತಿ ಅಲೆಕ್ಸ್ ಕೊಜಿನ್ಸ್ಕಿ ಕೊನೆಯಲ್ಲಿ, ಎರಡೂ ಕಡೆಯವರು ಸ್ವಲ್ಪ ತಣ್ಣಗಾಗಬೇಕು ಎಂದು ಬುದ್ಧಿ ಹೇಳಿ ಕಡತ ಮುಚ್ಚಿದರು. ನಮ್ಮ ಅರಳಿಕಟ್ಟೆಯ ಪಂಚಾಯ್ತಿಗಳೂ ಸಾಮಾನ್ಯವಾಗಿ ಮುಗಿಯುವುದು ಹೀಗೇ.

ಒಬ್ಬರ ಧಾಟಿಗೆ ಇನ್ನೊಬ್ಬರು ಪದ ಕೂರಿಸುವ ಈ ಕೆಲಸಕ್ಕೆ ತುಮಕೂರು ಸೀಮೆಯಲ್ಲಿ ರೀಲ್ಸ್‌ಗಿಂತ ಎಷ್ಟೋ ಹಳೆಯ ಹೆಸರೊಂದಿದೆ: ಮಟ್ಟು. ಪದ ಹೊಸದು, ಮಟ್ಟು ಹಳೆಯದು ಎಂದರೆ ನಾಟಕದವರಿಗೆ ಬೇರೇನೂ ವಿವರಿಸಬೇಕಿಲ್ಲ. ಪಾರ್ಸಿ ಕಂಪನಿಗಳು, ಮರಾಠಿ ಮಂಡಳಿಗಳು ಊರೂರು ತಿರುಗಿ ಬಿಟ್ಟುಹೋದ ಧಾಟಿಗಳನ್ನು ಕನ್ನಡದ ಕಂಪನಿ ಕವಿಗಳು ಯಾವ ಸಂಕೋಚವೂ ಇಲ್ಲದೆ ಎತ್ತಿಕೊಂಡರು. ಎತ್ತಿಕೊಂಡದ್ದನ್ನು ಮುಚ್ಚಿಡಲಿಲ್ಲ ಎಂಬುದೇ ವಿಶೇಷ. ನಾಟಕದ ಪದ್ಯಾವಳಿಗಳಲ್ಲಿ ಹಾಡಿನ ನೆತ್ತಿಯ ಮೇಲೆ ರಾಗ, ತಾಳದ ಜೊತೆಗೆ ಇಂಥ ಹಾಡಿನ ಮಟ್ಟು ಎಂದು ಸಣ್ಣಕ್ಷರದಲ್ಲಿ ಅಚ್ಚಾಗುತ್ತಿತ್ತು. ಸಾಲ ತಂದವನು ಸಾಲ ಕೊಟ್ಟವನ ಹೆಸರು ಹೇಳಿಕೊಂಡೇ ಮದುವೆ ಮಾಡಿದಂತೆ.

ಬಟವಾಡಿಯ ಮುಂದೆ ಹಾಯುವ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ, ಪಡುವಣಕ್ಕೆ ಇಪ್ಪತ್ತು ಕಿಲೋಮೀಟರು ಹೋದರೆ ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವೇ ಗುಬ್ಬಿ ಕಂಪನಿ. ಬಾಲಕನಾಗಿ ಸೇರಿದ ವೀರಣ್ಣ ಮುಂದೆ ಅದರ ಯಜಮಾನರಾದರು; ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರನ್ನು ನೋಡಲೆಂದೇ ಜನ ಗಾಡಿ ಕಟ್ಟುತ್ತಿದ್ದರು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಇದು.

ಆ ‘ಸದಾರಮೆ’ಯನ್ನು ಕಂಪನಿಗೆ ಬರೆದುಕೊಟ್ಟವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವಿ ತುಮಕೂರು ತಾಲ್ಲೂಕಿನ ಊರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ಕ್ಕೆ, ಎಂದರೆ ಕನ್ನಡದ ಮೊದಲ ವಾಕ್ಚಿತ್ರಕ್ಕೆ, ಮಾತು ಹಾಡು ಬರೆದವರೂ ಅವರೇ. ಹಾಗಾಗಿ ಕನ್ನಡ ಸಿನಿಮಾ ಹಾಡಿನ ವಂಶವೃಕ್ಷ ಹಿಡಿದು ಹೊರಟರೆ ಬೇರು ಸಿಗುವುದು ಗಾಂಧಿನಗರದಲ್ಲಲ್ಲ, ಬೆಳ್ಳಾವಿಯಲ್ಲಿ. ಆ ಚಿತ್ರ ತಯಾರಾದದ್ದು ಕೊಲ್ಲಾಪುರದಲ್ಲಿ. ಪ್ರಿಂಟು ಈಗ ಉಳಿದಿಲ್ಲ. ಮೊದಲ ಹಾಡುಗಳನ್ನು ಕೇಳಿದವರ ಕಿವಿಗಳೂ ಉಳಿದಿಲ್ಲ.

ಕಂಪನಿಯ ನಟ ಹಾಡಲೇಬೇಕಿತ್ತು, ಅದೂ ಮೈಕಿಲ್ಲದೆ, ಕೊನೆಯ ಸಾಲಿನ ನೆಲದ ಟಿಕೇಟಿನವನಿಗೂ ಕೇಳುವ ಹಾಗೆ. ‘ಒನ್ಸ್ ಮೋರ್’ ಎಂಬ ಕೂಗು ಎದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯುತ್ತಿತ್ತು. ಒಂದೇ ತುಂಡನ್ನು ಮತ್ತೆ ಮತ್ತೆ ನೋಡುವ ಚಟ ರೀಲ್ಸ್ ತಂದದ್ದು ಎನ್ನುವವರು ಇದನ್ನು ಮರೆಯುತ್ತಾರೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್ ಪಳಗಿದ್ದು ಇಂಥ ರಂಗದ ಮೇಲೆ. 1954ರ ‘ಬೇಡರ ಕಣ್ಣಪ್ಪ’ ಅವರನ್ನು ರಾಜ್‌ಕುಮಾರ್ ಮಾಡಿತು. ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಗುಬ್ಬಿ ಕಂಪನಿಯಿಂದ ಅದೇ ಚಿತ್ರಕ್ಕೆ ಬಂದವರು. ತಮಾಷೆಯೆಂದರೆ, ಹಾಡಲು ಬರುತ್ತಿದ್ದ ಆ ನಾಯಕನಿಗೆ ಎರಡು ದಶಕ ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ರಾಜ್ ತಮ್ಮ ದನಿಯಲ್ಲೇ ಹಾಡಿದ ಮೇಲೆ ಕಥೆ ಬದಲಾಯಿತು. 1992ರ ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ನಟನೆಗಲ್ಲ, ಗಾಯನಕ್ಕೆ.

ಮಟ್ಟಿನ ವಿಷಯ ಈಗ ಕೋರ್ಟು ಮೆಟ್ಟಿಲು ಹತ್ತುತ್ತದೆ. 2022ರಲ್ಲಿ ‘ಕಾಂತಾರ’ ಓಡುತ್ತಿರುವಾಗಲೇ ‘ವರಾಹ ರೂಪಂ’ ತಮ್ಮ ‘ನವರಸಂ’ ಹಾಡಿನಂತಿದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತಕರಾರು ತೆಗೆಯಿತು. ರಾಗಗಳು ಒಂದಾದ್ದರಿಂದ ಹಾಗೆ ಕೇಳಿಸುತ್ತದೆ ಎಂದು ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಸಮಜಾಯಿಷಿ ಕೊಟ್ಟರು. ಕೋಳಿಕ್ಕೋಡಿನ ನ್ಯಾಯಾಲಯ ತಡೆ ಹಾಕಿತು. ನವೆಂಬರಿನಲ್ಲಿ ಚಿತ್ರ ಒಟಿಟಿಗೆ ಬಂದಾಗ ಅದೇ ಪದಗಳು ಬೇರೆ ಸಂಗೀತದಲ್ಲಿ ಕೇಳಿಸಿದವು, ಆಮೇಲೆ ಮೊದಲಿನದೇ ಮರಳಿತು. ಥಿಯೇಟರಿನಲ್ಲಿ ರೋಮಾಂಚನಗೊಂಡು ಬಂದವರು ಮನೆಯ ಟೀವಿ ಮುಂದೆ ಕೂತು ‘ಇದಲ್ಲ ಅದು’ ಎಂದು ಚಡಪಡಿಸಿದ್ದು ಸುಳ್ಳಲ್ಲ. ಪದ ಇದ್ದೂ ಮಟ್ಟು ಇಲ್ಲದಿದ್ದರೆ ಹಾಡು ಎಷ್ಟು ಬಡವಾಗುತ್ತದೆ ಎಂದು ಇಡೀ ನಾಡಿಗೆ ಒಟ್ಟಿಗೇ ಗೊತ್ತಾಯಿತು.

ತುಮಕೂರಿನ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ ನಡೆಯುತ್ತದೆ. ಪಾತ್ರಧಾರಿಗಳು ರೈತರು, ಮೇಷ್ಟರು, ಲಾರಿ ಓಡಿಸುವವರು, ಪಂಚಾಯ್ತಿ ಮೆಂಬರುಗಳು. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಕೊಟ್ಟು ಪಾತ್ರ ಹಿಡಿಯಬೇಕು. ದುರ್ಯೋಧನ ದುಬಾರಿ, ದ್ವಾರಪಾಲಕ ಅಗ್ಗ. ಬೇಡಿಕೆ ಹೆಚ್ಚಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ದೇವರನ್ನೇ ಪಾಲು ಮಾಡುತ್ತಾರೆ. ದ್ರೌಪದಿ, ಕುಂತಿಯರಿಗೆ ಮಾತ್ರ ಹೊರಗಿನ ಕಲಾವಿದೆಯರನ್ನು ಗೊತ್ತು ಮಾಡುತ್ತಾರೆ. ಬಿ.ಎಚ್. ರಸ್ತೆಯ ಬದಿಯ ಫ್ಲೆಕ್ಸುಗಳಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಭೀಮ, ಶಾಲು ಹೊದ್ದ ಶಕುನಿ ಸಾಲಾಗಿ ನಗುತ್ತಾರೆ.

ಇವರನ್ನೆಲ್ಲ ಶ್ರುತಿಗೆ ತರುವ ಪ್ರಾರಬ್ಧ ಹಾರ್ಮೋನಿಯಂ ಮೇಷ್ಟ್ರದು. ತಿಂಗಳುಗಟ್ಟಲೆ, ಸಂಜೆ ಹೊಲದ ಕೆಲಸ ಮುಗಿದ ಮೇಲೆ, ದೇವಸ್ಥಾನದ ಹಜಾರದಲ್ಲಿ ತಾಲೀಮು. ಪೆಟ್ಟಿಗೆಯ ಮೇಲೆ ಎಲೆಯಡಿಕೆ ಚೀಲ, ಅದರ ಪಕ್ಕ ಮೊಬೈಲು.

‘ಮೇಷ್ಟ್ರೇ, ನಂದೊಂದು ಪದ ಆ ಹೊಸಾ ಹಾಡಿನ್ ಮಟ್ಟಿಗೆ ಕೂರ್ಸಿ.’

‘ಕೂರ್ಸಬೌದು ಸ್ವಾಮಿ. ನೀವು ಮೊದ್ಲು ಕರಿ ಒಂದಕ್ಕೆ ನಿಂತ್ಕಳಿ.’

ಕರಿ ಒಂದು ಎಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ದುರ್ಯೋಧನ ಹೊಟ್ಟೆಯಿಂದ ದನಿ ಎಬ್ಬಿಸಿ ಅದರ ಹತ್ತಿರದ ಬಿಳಿ ಮನೆಯಲ್ಲಿ ಇಳಿಯುತ್ತಾನೆ. ಮೇಷ್ಟ್ರು ಏನೂ ಹೇಳದೆ ತಾವೇ ಒಂದು ಮನೆ ಕೆಳಗೆ ಸರಿಯುತ್ತಾರೆ.

ನಾಟಕದ ರಾತ್ರಿ ಹಾರ್ಮೋನಿಯಂ ಜೊತೆಗೆ ಕೀಬೋರ್ಡು, ರಿದಂ ಪ್ಯಾಡೂ ಇರುತ್ತವೆ. ಎರಡನೇ ಕೃಷ್ಣನ ಪ್ರವೇಶಕ್ಕೆ ಕೀಬೋರ್ಡಿನ ಹುಡುಗ ‘ದ್ವಾಪರ’ದ ಧಾಟಿ ಎತ್ತುತ್ತಾನೆ. 2024ರ ‘ಕೃಷ್ಣಂ ಪ್ರಣಯ ಸಖಿ’ಗೆ ಅರ್ಜುನ್ ಜನ್ಯ ಕೂಡಿಸಿದ, ಪಂಜಾಬಿನ ಜಸ್ಕರಣ್ ಸಿಂಗ್ ಕನ್ನಡಿಗರೇ ಬೆರಗಾಗುವಂತೆ ಹಾಡಿದ ಹಾಡು ಅದು. ಶಿಳ್ಳೆ ಬೀಳುತ್ತದೆ. ಕೃಷ್ಣನ ಭಾವಮೈದುನ ರಂಗವೇರಿ ನೋಟಿನ ಹಾರ ಹಾಕುತ್ತಾನೆ, ಫೋಟೋ ತೆಗೆಯುವತನಕ ಮಹಾಭಾರತ ನಿಲ್ಲುತ್ತದೆ. ಮುಂದಿನ ಸಾಲಿನ ಹುಡುಗನೊಬ್ಬ ಇಷ್ಟನ್ನೂ ಮೊಬೈಲಿನಲ್ಲಿ ಹಿಡಿದು ಅಲ್ಲೇ ಏರಿಸುತ್ತಾನೆ. ಅರ್ಜುನ್ ಜನ್ಯ, ಜಸ್ಕರಣ್, ಮೇಷ್ಟ್ರು, ಕೀಬೋರ್ಡಿನವನು ಯಾರ ಹೆಸರೂ ಅಲ್ಲಿಲ್ಲ. ಹುಡುಗನ ಹೆಸರಿನ ಕೆಳಗೆ ಇನ್‌ಸ್ಟಾಗ್ರಾಂ ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುತ್ತದೆ: ‘ಒರಿಜಿನಲ್ ಆಡಿಯೋ’.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಏಳುತ್ತದೆ. ಎರಡನೇ ಕೃಷ್ಣ ಹಾರ ಸರಿಪಡಿಸಿಕೊಂಡು ಮೇಷ್ಟ್ರ ಕಡೆ ನೋಡುತ್ತಾನೆ. ಮೇಷ್ಟ್ರು ಎಲೆಯಡಿಕೆ ಒತ್ತರಿಸಿ, ಮತ್ತೆ ಒಂದು ಮನೆ ಕೆಳಗೆ ಸರಿದು ಶ್ರುತಿ ಹಿಡಿಯುತ್ತಾರೆ.